ತುಂಬಿದ ಟ್ಯಾಂಕು

ಕಾದ ಶೀಟಿನ ಮನೆಯೊಳಗೆ ಬೆಳಗಿನಿಂದ ಒಂದು ಸ್ಕೂಟರು ನಿಂತಿತ್ತು. ಬಂಕಿನಲ್ಲಿ ಗಾಡಿ ಅಲ್ಲಾಡಿಸಿ ಕಂಠಮಟ್ಟ ತುಂಬಿಸಿದ್ದ ಅದರ ಪೆಟ್ರೋಲ್ ಟ್ಯಾಂಕು ಸೈಲೆನ್ಸರನ್ನು ಹಂಗಿಸಿತು: “ಎಲೈ ಹೊಗೆ ಉಗುಳುವವನೇ, ನನ್ನನ್ನು ನೋಡಿ ಕಲಿ. ತುಂಬಿದ ಕೊಡ ತುಳುಕುವುದಿಲ್ಲ.”

ಮಧ್ಯಾಹ್ನ ತೊಟ್ಟಿಲಿನ ಕೂಸು ಕೆಮ್ಮತೊಡಗಿತು. ತಾಯಿ ಗಂಗಾಂಬಿಕೆ ಓಡಿಬಂದಳು. “ಎಲ್ಲ ಈ ಸೈಲೆನ್ಸರಿನದೇ ಕಿತಾಪತಿ!” ಎಂದು ಮುಟ್ಟಿ ನೋಡಿದರೆ ಅದು ತಣ್ಣಗಿತ್ತು. ವಾಸನೆ ಹಿಡಿದು ಬಗ್ಗಿದಳು. ಟ್ಯಾಂಕಿನ ಮುಚ್ಚಳದ ರಬ್ಬರು ಬಿರುಕು ಬಿಟ್ಟು, ಅಲ್ಲಿಂದ ಪೆಟ್ರೋಲಿನ ಆವಿ ಮನೆಯೊಳಗೆಲ್ಲ ಹರಡುತ್ತಿತ್ತು. ಕೂಡಲೇ ಸ್ಕೂಟರನ್ನು ಹೊರಗೆ ತಳ್ಳಿದಳು.

ಟ್ಯಾಂಕು ಗೊಣಗಿತು: “ನಾನು ಒಂದು ಹನಿಯನ್ನೂ ಚೆಲ್ಲಲಿಲ್ಲವಲ್ಲ!”

ಸೈಲೆನ್ಸರು ಹೇಳಿತು: “ನೆಲಕ್ಕೆ ಚೆಲ್ಲಿದ್ದರೆ ಆಕೆ ಒರೆಸುತ್ತಿದ್ದಳು, ಅಣ್ಣ. ಕೂಸಿನ ಎದೆಯೊಳಗೆ ಹೋದದ್ದನ್ನು ಯಾವ ಬಟ್ಟೆಯಿಂದ ಒರೆಸುತ್ತಾಳೆ?”