ಅರ್ಧ ಗೂಡಿಗೆ ಬಂದ ಅತಿಥಿ

ಬಾವಿಯ ಮೇಲೆ ಬಾಗಿದ ಜಾಲಿಮರದ ಒಂದೇ ಕೊಂಬೆಯಲ್ಲಿ ಇಬ್ಬರು ಗೀಜಗ ಸೋದರರು ಗೂಡು ಹೆಣೆಯತೊಡಗಿದರು. ಮಳೆಗಾಲ ಮುಗಿಯುವುದರೊಳಗೆ ಗೂಡನ್ನು ಒಪ್ಪುವ ಹೆಣ್ಣು ಸಿಗದಿದ್ದರೆ ಆ ವರ್ಷ ಸಂಸಾರವಿಲ್ಲ. ಮೂರನೆಯ ದಿನ, ಬರೀ ಒಂದು ಬಳೆಯಷ್ಟು ಹೆಣೆದಿದ್ದ ತಮ್ಮನು ಒಂದು ಹೆಣ್ಣನ್ನು ಕರೆದ.

"ಅರ್ಧ ಕೆಲಸ ತೋರಿಸಿ ಮಾನ ಕಳೆದುಕೊಳ್ಳಬೇಡವೋ!" ಎಂದು ಅಣ್ಣ ಗದರಿದ.

ಹೆಣ್ಣು ಬಂದು ಕುಳಿತು ನೋಡಿದಳು. "ಕೊಂಬೆ ದಪ್ಪವಾಯಿತು. ಹಾವು ಸಲೀಸಾಗಿ ಇಳಿದು ಬರುತ್ತದೆ," ಎಂದು ಹಾರಿಹೋದಳು.

ತಮ್ಮನಿಗೆ ನೋವಾಯಿತು. ಆದರೆ ವ್ಯರ್ಥವಾದದ್ದು ಮೂರೇ ದಿನದ ಹುಲ್ಲು. ಅವನು ತೆಳು ಕೊಂಬೆಯ ತುದಿಯಲ್ಲಿ ಮತ್ತೆ ಶುರುಮಾಡಿ, ಮೇಲ್ಛಾವಣಿಯಾದ ಕೂಡಲೇ ಅವಳನ್ನೇ ಪುನಃ ಕರೆದ. ಅವಳು ಕೊಕ್ಕಿನಿಂದ ಜಗ್ಗಿ, "ಹೆಣಿಗೆ ಸಡಿಲ. ಮೊಟ್ಟೆ ಇಡುವ ಜಾಗ ಇನ್ನೂ ಆಳವಾಗಲಿ," ಎಂದಳು. ಅವನು ಅಂದೇ ಬಿಗಿಮಾಡಿ, ಮರುದಿನ ಆಳ ಮಾಡಿದ.

"ಹೀಗೆ ಕೇಳಿ ಕೇಳಿ ಯಾರಾದರೂ ಮನೆ ಕಟ್ಟುತ್ತಾರೆಯೇ?" ಎಂದು ಅಣ್ಣ ನಕ್ಕ.

"ಒಳಗೆ ಬಾಳುವವಳು ಅವಳಲ್ಲವೇ ಅಣ್ಣ? ಮೊದಲೇ ಕೇಳಿದರೆ ಬಿಚ್ಚುವುದು ಕಡಿಮೆ."

ಇಪ್ಪತ್ತನೆಯ ದಿನ ಅಣ್ಣನ ಗೂಡು ಪೂರ್ತಿಯಾಯಿತು. ಅದರಷ್ಟು ಚೆಂದದ ಗೂಡು ಆ ಮರದಲ್ಲಿ ಇನ್ನೊಂದಿರಲಿಲ್ಲ. ಕರೆದಾಗ ಬಂದ ಹೆಣ್ಣುಗಳೆಲ್ಲ ಆ ದಪ್ಪ ಕೊಂಬೆಯನ್ನು ಕಂಡೇ ಹಿಂತಿರುಗಿದರು.

ಅಷ್ಟರಲ್ಲಿ ತಮ್ಮನ ಗೂಡಿಗೆ ಮೂರನೆಯ ಸಲ ಬಂದವಳು ಹೆಣಿಗೆಯನ್ನು ಮತ್ತೆ ಜಗ್ಗಿ ನೋಡಿದಳು. ಒಳಹೊಕ್ಕಳು, ತಿರುಗಿ ಹೊರಬಂದಳು, ಹಸಿಮಣ್ಣು ಕಚ್ಚಿ ತಂದು ತಾನೇ ಗೋಡೆಗೆ ಮೆತ್ತತೊಡಗಿದಳು. ತಮ್ಮನು ರೆಕ್ಕೆ ಬಡಿದು ಹಾಡಿದ ಹಾಡು ಬಾವಿಯ ತಳದವರೆಗೂ ಮೊಳಗಿತು.