ಕರಟದ ಕುದುರೆ

ಒಂದು ರೇಡಿಯೋ ಸ್ಟುಡಿಯೋದಲ್ಲಿ ಎರಡು ತೆಂಗಿನ ಕರಟಗಳಿದ್ದವು, ನೋಡಿ. ‘ಸಿಂಗ್ರಪ್ಪನ ಜಟಕಾ’ ಎಂಬ ಗುರುವಾರದ ಹಾಸ್ಯಮಾಲಿಕೆಯಲ್ಲಿ ಅವು ಹಲಗೆಯ ಮೇಲೆ ಟಕಟಕ ಬಡಿದರೆ ಸಾಕು, ಕೇಳುಗರ ಮನೆಮನೆಯಲ್ಲೂ ಸಾಕ್ಷಾತ್ ಕುದುರೆಯೇ ಓಡುತ್ತಿತ್ತು.

ಆಮೇಲೆ ಯಾರಿಗೋ ಹೊಳೆಯಿತು: ಎದುರಿಗೆ ಐವತ್ತು ಕುರ್ಚಿ ಹಾಕಿ ಜನರನ್ನು ಕೂರಿಸೋಣ, ನಗು ಜೋರಾಗಿ ಕೇಳಲಿ ಎಂದು. ಸರಿ, ಜನ ಬಂದರು. ಕುದುರೆ ಎಂದರೆ ಈ ಕರಟಗಳೇ ಎಂದು ಕಂಡದ್ದೇ ತಡ, ಹೊಟ್ಟೆ ಹಿಡಿದು ನಕ್ಕರು. ಕರಟಗಳು ಉಬ್ಬಿಹೋದವು. ಒಂದು ಬುಗುರಿಯಂತೆ ತಿರುಗಿತು, ಇನ್ನೊಂದು ಅದರ ಮೇಲೆ ಟೋಪಿಯಂತೆ ಕೂತಿತು.

“ಅಣ್ಣಂದಿರಾ, ಓಡಿ!” ಎಂದಿತು ಮೈಕು. “ನನ್ನ ಹಿಂದೆ ಸಾವಿರಾರು ಮನೆಗಳಿವೆ. ಅವರಿಗೆ ನೀವು ಕಾಣುವುದಿಲ್ಲ.”

“ನಿನ್ನ ಮನೆಗಳವರು ಒಂದು ದಿನವಾದರೂ ಚಪ್ಪಾಳೆ ತಟ್ಟಿದ್ದಾರೇನಯ್ಯಾ?”

“ತಟ್ಟಿರಬಹುದು. ನಮಗೆ ಕೇಳಿಸುವುದಿಲ್ಲ, ಅಷ್ಟೆ.”

“ಕೇಳಿಸದ ಚಪ್ಪಾಳೆ ಯಾರಿಗೆ ಬೇಕು, ಸುಮ್ಮನಿರು!”

ಮರುವಾರದ ಕಥೆಯಲ್ಲಿ ಸಿಂಗ್ರಪ್ಪ ಹೆರಿಗೆ ನೋವಿನಲ್ಲಿದ್ದ ಮಗಳನ್ನು ಜಟಕಾದಲ್ಲಿ ಕೂರಿಸಿಕೊಂಡು, “ಓಡೋ ನನ್ನಪ್ಪಾ, ಬೇಗ ಓಡೋ!” ಎಂದು ಅತ್ತ. ಕರಟಗಳು ಹಲಗೆಯನ್ನು ಮುಟ್ಟಲೇ ಇಲ್ಲ; ಗಾಳಿಯಲ್ಲೇ ಕುಣಿದವು. ಕುರ್ಚಿಗಳು ಅಲ್ಲಾಡುವಷ್ಟು ನಗು. ಮೈಕು ಬೇರೆ ದಾರಿಯಿಲ್ಲದೆ ಆ ನಗುವನ್ನೇ ಊರೂರಿಗೆ ಕಳಿಸಿತು.

ನಾಲ್ಕು ದಿನದ ಮೇಲೆ ಕೇಳುಗರೊಬ್ಬರ ಕಾರ್ಡು ಬಂತು. ಉದ್ಘೋಷಕಿ ಅದನ್ನು ಮೈಕಿನ ಮುಂದೆ ಓದಿದಳು: “ಸ್ವಾಮೀ, ಪಾಪ, ಕುದುರೆಯ ಸದ್ದೇ ಬರಲಿಲ್ಲ. ದಾರಿಯಲ್ಲೇ ಬಿದ್ದು ಸತ್ತಿತೇ? ಅದಕ್ಕೆ ಅಷ್ಟೊಂದು ಜನ ನಕ್ಕದ್ದು ಯಾಕೆ?”