ಕೆಂದೊಣೆಯ ಗುಡ್ಡಕ್ಕೆ ಹೊನ್ನವ್ವನ ಹೆಸರು

ಕೆಂದೊಣೆ ಊರನ್ನು ದಾಟಿ ಪಡುವಣಕ್ಕೆ ಅರ್ಧ ಹರಿದಾರಿ ನಡೆದರೆ ಕೆಂಪು ಕಲ್ಲಿನ ಗುಡ್ಡವೊಂದು ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಅದರ ಮೂಡಣ ಮೈಯನ್ನು ನೆತ್ತಿಯಿಂದ ಬುಡದವರೆಗೆ ಕೆತ್ತಿ ಬುದ್ಧನನ್ನು ನಿಲ್ಲಿಸಿದ್ದಾರೆ. ಅವನ ಕಾಲಿನ ಒಂದೊಂದು ಬೆರಳ ಮೇಲೂ ಒಬ್ಬೊಬ್ಬ ಆಳು ಆರಾಮಾಗಿ ಕೂರಬಹುದು. ಊರಿನ ಮುದುಕರು ಇಳಿಹೊತ್ತಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವುದೂ ಅಲ್ಲಿಯೇ. ಬುದ್ಧನ ಗುಡ್ಡ ಎಲ್ಲಿದೆ ಎಂದು ಕೇಳಿಕೊಂಡು ಬಂದವರಿಗೆ ಇಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಹೊನ್ನವ್ವನ ಗುಡ್ಡ ಎಂದರೆ ಮಾತ್ರ ಕೈ ಮೇಲೇಳುತ್ತದೆ. ಬಂದವರು ಹೊನ್ನವ್ವ ಎಂದರೆ ಇದನ್ನು ಮಾಡಿಸಿದ ರಾಣಿಯಿರಬೇಕು ಎಂದುಕೊಳ್ಳುತ್ತಾರೆ, ಕೆಲವರು ಊರದೇವತೆ ಎಂದು ಕೈ ಮುಗಿಯುತ್ತಾರೆ. ರಾಣಿಯೂ ಅಲ್ಲ, ದೇವತೆಯೂ ಅಲ್ಲ, ನೀರು ಹೊರುವವಳು ಎಂದು ಹೇಳಿದರೆ ನಂಬುವುದಿಲ್ಲ. ಹಾಗಾದರೆ ಕಥೆ ಹೇಳಿ ಎಂದು ಪಟ್ಟು ಹಿಡಿದರೆ ಕೆಂದೊಣೆಯವರು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಎದೆಯುಬ್ಬಿಸಿ ಹೇಳುವಂಥ ಕಥೆ ಅದಲ್ಲ.

ಹಿಂದೆ ಒಮ್ಮೆ, ವ್ಯಾಪಾರಿಗಳ ಹೇರೆತ್ತುಗಳು ಈ ದಾರಿಯಲ್ಲಿ ಸಾಲುಗಟ್ಟಿ ಓಡಾಡುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಒಂದು ವಿಹಾರವಿತ್ತು ಎನ್ನುತ್ತಾರೆ. ಸುಮಿತ್ರನೆಂಬ ವೃದ್ಧ ಭಿಕ್ಷು ಅದರ ಹಿರಿಯ. ಅವನ ಮಾತಿನ ಮೇಲೆ ಬುದ್ಧನನ್ನು ಕೆತ್ತಲು ಬಂದವನು ಕಾಳೋಜ. ಹನ್ನೊಂದು ವರ್ಷ ಅವನೂ ಅವನ ಕಲ್ಲುಕುಟಿಗರೂ ಅಟ್ಟಣೆಯ ಮೇಲೆಯೇ ಬದುಕಿದರು. ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬಂದು, ಮುಖಕ್ಕೆ ನಯ ಕೊಡುವ ಕೆಲಸವನ್ನು ಮಾತ್ರ ಕಾಳೋಜ ತನಗೆಂದು ಕೊನೆಗೆ ಉಳಿಸಿಕೊಂಡಿದ್ದ. ಅವನ ಕೈಯನ್ನು ಹೊಗಳದ ಬಾಯಿಲ್ಲ. ಹೊಗಳಿಕೆ ಕೇಳಿ ಕೇಳಿ ಅವನಿಗೂ ಅದು ಹೊತ್ತುಹೊತ್ತಿನ ಊಟದಷ್ಟೇ ಬೇಕಾಗಿಬಿಟ್ಟಿತ್ತು. ವೈಶಾಖದ ಹುಣ್ಣಿಮೆಗೆ ಬುದ್ಧನ ಕಣ್ಣು ತೆರೆಸುವುದೆಂದು ಸುತ್ತಲ ಊರುಗಳಿಗೆಲ್ಲ ಹೇಳಿ ಕಳಿಸಿದ್ದರು.

ನಯಗೆಲಸಕ್ಕೆ ನೀರು ಬೇಕು. ಕಲ್ಲಿನ ಮೇಲೆ ನೀರು ಹೊಯ್ದು, ಉಜ್ಜುಗಲ್ಲಿನಿಂದ ತೀಡಿ, ಒಣಗಲು ಬಿಟ್ಟು, ಮತ್ತೆ ಹೊಯ್ಯಬೇಕು. ಬಂಡೆಯ ನಡುವಿನ ಹೊಂಡವಾದ ದೊಣೆಯಿಂದ ಆ ನೀರನ್ನು ಹೊತ್ತು ಏಣಿ ಹತ್ತುತ್ತಿದ್ದವಳು ಹೊನ್ನವ್ವ. ಗಂಡ ಸತ್ತವಳು, ಐವತ್ತರ ಹತ್ತಿರದವಳು, ಪಕ್ಕದ ಹಳ್ಳಿಯಲ್ಲಿ ಮಗ ಸೊಸೆ ಇದ್ದರು. ಕುಟಿಗರ ಅಡುಗೆ ಚಪ್ಪರಕ್ಕೂ ನೀರು ತುಂಬುತ್ತಿದ್ದವಳು ಅವಳೇ. ಹುಣ್ಣಿಮೆಗೆ ಇನ್ನು ಐದು ದಿನ ಇದೆ ಎನ್ನುವಾಗ ಅವಳು ಬುದ್ಧನ ಬಲಗೆನ್ನೆಯ ಮುಂದೆ ಕೊಡ ಹಿಡಿದು ನಿಂತೇ ಇದ್ದಳು.

"ಯಜಮಾನ್ರ, ಎಲ್ಲಾ ಕಡೆ ಒಣಗೇತಿ. ಇದೊಂದು ಗೆರಿ ಒಣಗವಲ್ದು ನೋಡ್ರಿ" ಎಂದಳು.

ಕಾಳೋಜ ನೋಡಿದ. ಕಣ್ಣಿನ ಕೆಳಗಿನಿಂದ ತುಟಿಯ ಅಂಚಿನವರೆಗೆ ಕೂದಲೆಳೆಯಷ್ಟು ಒದ್ದೆ ಗೆರೆ ಉಳಿದಿತ್ತು. ಒಣಗಿದ ಕಲ್ಲಿನಲ್ಲಿ ಒಣಗದ ಗೆರೆ ಎಂದರೆ ಏನೆಂಬುದು ಕುಟಿಗರ ಮನೆಯ ಮಕ್ಕಳಿಗೂ ಗೊತ್ತು. ಬಿರುಕು ಒಳಗೆ ಇಳಿದು ನೀರು ಕುಡಿದಿದೆ. ಇಡೀ ಮುಖವನ್ನು ಒಂದು ಗೇಣು ಒಳಕ್ಕೆ ಮತ್ತೆ ಕೆತ್ತದೆ ಅದು ಹೋಗುವುದಿಲ್ಲ, ಅದಕ್ಕೆ ಮೂರು ವರ್ಷ ಬೇಕು. ಅದಕ್ಕಿಂತ ಹೆಚ್ಚಾಗಿ, ಬಿರುಕಿರುವ ಕಲ್ಲನ್ನು ಮುಖಕ್ಕೆ ಆರಿಸಿದವನು ಕಾಳೋಜ ಎಂದು ಕುಟಿಗರ ಕುಲವೆಲ್ಲ ಆಡಿಕೊಳ್ಳುತ್ತದೆ. "ನೀರು ಹಾಕೋದಷ್ಟ ನಿನ್ನ ಕೆಲಸ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದ. ಅವಳು ತಲೆಯಾಡಿಸಿ ಇಳಿದು ಹೋದಳು.

ಬಿರುಕು ಮುಚ್ಚುವ ಗಾರೆ ಅವನಿಗೆ ತಿಳಿದದ್ದೇ. ಸುಣ್ಣ, ಅದೇ ಕಲ್ಲಿನ ಪುಡಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಹದಿನೈದು ದಿನ ಕೊಳೆಸಬೇಕು. ಹದಿನೈದು ದಿನ ಎಲ್ಲಿಂದ ತರುವುದು? ವಿಹಾರದ ಗೋಡೆ ಕಟ್ಟಿ ಉಳಿದ ಸುಣ್ಣ ಇತ್ತು. ಅಳಲೆಕಾಯಿ ಇರಲಿಲ್ಲ. ಬೆಲ್ಲ ಇದ್ದದ್ದು ಅಡುಗೆ ಚಪ್ಪರದಲ್ಲಿ, ಹುಣ್ಣಿಮೆಯ ದಿನದ ಹುಗ್ಗಿಗೆಂದು ಭಕ್ತರು ಕೊಟ್ಟು ಹೋದದ್ದು. ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಮಧ್ಯಾಹ್ನ ಎಲ್ಲರೂ ಬೇವಿನ ನೆರಳಲ್ಲಿ ಉಣ್ಣುತ್ತಿರುವಾಗ ಕಾಳೋಜ ಚಪ್ಪರದೊಳಕ್ಕೆ ಹೋಗಿ ಎರಡು ಪೆಂಟೆ ಬೆಲ್ಲವನ್ನು ಮೇಲುವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಬೇಗ ಗಟ್ಟಿಯಾಗಲಿ ಎಂದು ಬೆಲ್ಲವನ್ನು ಲೆಕ್ಕಕ್ಕಿಂತ ಹೆಚ್ಚೇ ಹಾಕಿ, ಒಬ್ಬನೇ ಅಟ್ಟಣೆ ಹತ್ತಿ, ಗೆರೆಯನ್ನು ತುಂಬಿ, ಉಜ್ಜಿ, ಮುಚ್ಚಿದ. ಕೈಚಳಕ ಎಂದರೆ ಕೈಚಳಕ. ಬೆರಳಿಟ್ಟು ಸವರಿದರೂ ತಿಳಿಯುವಂತಿರಲಿಲ್ಲ.

ಸಂಜೆ ಅಡುಗೆಯ ಸಾತವ್ವ ಬಾಯಿ ಬಡಿದುಕೊಂಡಳು. ಬುದ್ಧಪ್ಪನ ಹುಗ್ಗಿಯ ಬೆಲ್ಲಕ್ಕೇ ಕೈ ಹಾಕಿದವರು ಯಾರು ಎಂದು ಕುಟಿಗರೆಲ್ಲ ನೆರೆದರು. ಭಿಕ್ಷುವೂ ಕೋಲೂರಿಕೊಂಡು ಬಂದ. ಯಜಮಾನನಾದ ಕಾಳೋಜನ ಕಡೆ ಎಲ್ಲರೂ ತಿರುಗಿದರು. ನಾನು ತೆಗೆದುಕೊಂಡೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ಹೇಳಿದ್ದು ಬೇರೆ.

"ನೀರು ತುಂಬಾಕ ದಿನಾ ಒಳಗ ಹೋಗಾಕಿ ಯಾರು?"

ಕಳ್ಳಿ ಎಂದು ತಾನು ಬಾಯಿಬಿಟ್ಟು ಅನ್ನಲಿಲ್ಲ, ಬರೀ ಕೇಳಿದೆ ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡನಂತೆ. ಉಳಿದದ್ದನ್ನು ಜನ ಅಂದರು. ನೀರು ಹೊರುವವಳ ಪರವಾಗಿ ಮಾತಾಡಲು ಅಲ್ಲಿ ಯಾರಿದ್ದರು? ಭಿಕ್ಷು ಕೂಡ ತಲೆ ತಗ್ಗಿಸಿ, ಅವಳು ಹೋಗಲಿ, ಯಾರೂ ಕೈ ಮಾಡಬೇಡಿ ಎಂದನಷ್ಟೇ. ಹೊನ್ನವ್ವ ಅಳಲಿಲ್ಲ, ಆಣೆ ಇಡಲಿಲ್ಲ. ಕಾಳೋಜನ ಉಗುರುಗಳ ಸಂದಿಯಲ್ಲಿ ಮೆತ್ತಿದ್ದ ಸುಣ್ಣವನ್ನು ನೋಡುತ್ತ ನಿಂತಿದ್ದು, ಹೊರಡುವಾಗ ಒಂದೇ ಮಾತು ಕೇಳಿದಳು: "ಗೆರಿ ಒಣಗಿತೇನ್ರೀ ಯಜಮಾನ್ರ?" ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ. ಅರ್ಥವಾದವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಹುಣ್ಣಿಮೆಯ ಬೆಳಿಗ್ಗೆ ಬಯಲು ತುಂಬ ಜನ. ಹೂವು, ದೀಪ, ಹುಗ್ಗಿಯ ಹಂಡೆಗಳು. ಮಡಿಯುಟ್ಟು ಉಳಿ ಹಿಡಿದು ಕಾಳೋಜ ಏಣಿಯ ಬಳಿ ಬಂದಾಗ ಮುಂದಿನ ಸಾಲಿನಲ್ಲಿದ್ದ ಮಕ್ಕಳು ಕೈತೋರಿಸಿ ನಗುತ್ತಿದ್ದರು. ಬುದ್ಧನ ಪಾದದಿಂದ ಶುರುವಾಗಿ, ಮೈಗೆ ಹೊದ್ದ ಚೀವರದ ಮಡಿಕೆಗಳನ್ನು ಹತ್ತಿ, ಹೆಗಲನ್ನು ದಾಟಿ, ಬಲಗೆನ್ನೆಯವರೆಗೆ ಕರಿಯ ದಾರ ಎಳೆದ ಹಾಗೆ ಇರುವೆ ಸಾಲು ಹೊರಟಿತ್ತು. ಕೆನ್ನೆಯ ಮೇಲಂತೂ ಅವು ಗಿಜಿಗುಡುತ್ತಿದ್ದವು. "ಅಯ್ಯ! ಬುದ್ಧಪ್ಪನೇ ಬೆಲ್ಲಾ ತಿಂದಾನಲ್ರೀ!" ಎಂದು ಸಾತವ್ವ ಗಟ್ಟಿಯಾಗಿ ನಕ್ಕಳು. ಜನವೂ ನಕ್ಕಿತು. ಆಮೇಲೆ ಕುಟಿಗರ ನಗು ಮೊದಲು ನಿಂತಿತು. ಸಾತವ್ವನ ನಗು ನಿಂತಿತು. ಕಾಳೋಜ ಅವಸರದಿಂದ ಏಣಿ ಹತ್ತಿ ಮೇಲುವಸ್ತ್ರದಿಂದ ಇರುವೆಗಳನ್ನು ಕೊಡವಿದ. ಅವು ಮತ್ತೆ ಬಂದವು. ಮತ್ತೆ ಕೊಡವಿದ, ಮತ್ತೆ ಬಂದವು. ಅಷ್ಟು ಜನರ ಮುಂದೆ, ಅಷ್ಟು ಎತ್ತರದಲ್ಲಿ, ಮರೆಯಾಗಲು ಎಲ್ಲೂ ಜಾಗವಿರಲಿಲ್ಲ. ಕೊನೆಗೆ ಜನರಿಗೆ ಬೆನ್ನು ಹಾಕಿಕೊಂಡೇ ಗಾರೆಯನ್ನು ಉಳಿಯಿಂದ ಕೆರೆದು ತೆಗೆದ. ಕೆಳಗಿಳಿದು ಬಂದು ನಡೆದದ್ದನ್ನೆಲ್ಲ ಹೇಳಿದ.

ಕಣ್ಣು ಮಂಜಾಗಿದ್ದ ಭಿಕ್ಷು ಎಲ್ಲವನ್ನೂ ಕೇಳಿಸಿಕೊಂಡ. "ಬಿರುಕು ಅಂದ್ರ ಬಿರುಕು. ನನ್ನ ಮುಂದ ಹೇಳಿದ್ರ ಹಂಗ ಇರಲಿ ಬಿಡಪ್ಪಾ ಅಂತಿದ್ದೆ, ಕಾಳೋಜ" ಎಂದ. "ಆ ಹೆಣ್ಣುಮಗಳನ್ನ ಹೋಗು ಅಂದಾಂವ ನಾನೂ ಹೌದು. ಆಕಿ ಎಲ್ಲಿ ಅದಾಳ?" ಎಂದು ಕೇಳಿದ. ಆ ದಿನ ಅವನು ಹುಗ್ಗಿಯನ್ನು ಮುಟ್ಟಲಿಲ್ಲ.

ಕಾಳೋಜ ಅಂದೇ ಹೊನ್ನವ್ವನ ಹಳ್ಳಿಗೆ ಹೋದ. ಕಳವಿನ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ದೇವರ ಬೆಲ್ಲ ಕದ್ದವಳೆಂದು ಸೊಸೆ ಅಡುಗೆಮನೆಯ ಹೊಸಿಲು ದಾಟಗೊಡಲಿಲ್ಲ, ಮಗ ಮಾತಾಡಲಿಲ್ಲ; ಹೊನ್ನವ್ವ ಎರಡು ದಿನ ಜಗಲಿಯ ಮೇಲೆ ಕೂತಿದ್ದು ಮೂರನೆಯ ದಿನ ಯಾವುದೋ ಹೇರೆತ್ತಿನ ಸಾಲಿನ ಹಿಂದೆ ನಡೆದುಹೋದಳು ಎಂದರು. ಯಾವ ಕಡೆಗೆ ಎಂದು ಯಾರೂ ನೋಡಿರಲಿಲ್ಲ. ಅವನು ಆರು ತಿಂಗಳು ಹುಡುಕಿದ. ಸಿಗಲಿಲ್ಲ. ಬುದ್ಧನ ಕಣ್ಣನ್ನು ಬೇರೊಬ್ಬ ಶಿಲ್ಪಿ ತೆರೆಸಿದ. ಕಾಳೋಜ ಆಮೇಲೆ ಉಳಿ ಹಿಡಿಯಲಿಲ್ಲ. ಹೊನ್ನವ್ವನ ಕೊಡವನ್ನೇ ಹೊತ್ತು ದೊಣೆಯಿಂದ ನೀರು ತಂದು, ಬುದ್ಧನ ಪಾದದ ಬಳಿ ದಾರಿಹೋಕರಿಗೆ ಹೊಯ್ಯುತ್ತ ಕೂತ. ನೀರು ಕುಡಿದ ವ್ಯಾಪಾರಿಗಳಿಗೆಲ್ಲ ತನ್ನ ಕಥೆ ಹೇಳಿ, ಹೋದಲ್ಲೆಲ್ಲ ಹೇಳಿರಿ, ಹೊನ್ನವ್ವನ ಕಿವಿಗೆ ಬಿದ್ದೀತು ಎಂದು ಕೈ ಮುಗಿಯುತ್ತಿದ್ದ. ನಾಲ್ಕು ವರ್ಷ ಹೀಗೇ ಹೇಳಿದ ಮೇಲೆ ಒಂದು ದಿನ ತೆಂಕಣದ ವ್ಯಾಪಾರಿಯೊಬ್ಬ ಎತ್ತು ನಿಲ್ಲಿಸಿ, "ಬೆಲ್ಲ ಕದ್ದ ಹೊನ್ನವ್ವನ ಗುಡ್ಡ ಇದ ಏನಪ್ಪಾ?" ಎಂದು ಕೇಳಿದ.

ಕಾಳೋಜ ಕೊಡವನ್ನು ಕೆಳಗಿಟ್ಟ ಎನ್ನುತ್ತಾರೆ. ಅವನು ಊರೂರಿಗೆ ಕಳಿಸಿದ್ದು ಅವಳ ಹೆಸರನ್ನು, ಅದರ ಜೊತೆ ಹೋಗಿ ಉಳಿದದ್ದು ಕಳವಿನ ಮಾತು. ಅಂದಿನಿಂದ ಅವನು ಕಥೆ ಹೇಳುವುದನ್ನು ಬಿಟ್ಟ. ನೀರು ಬೇಕೆಂದು ಬೊಗಸೆ ಒಡ್ಡಿದವರ ಬಾಯಿಂದಲೇ ಹೊನ್ನವ್ವ ಕದ್ದಿಲ್ಲ ಎಂದು ಹೇಳಿಸಿ, ಹೇಳಿದ ಮೇಲಷ್ಟೇ ಹೊಯ್ಯುತ್ತಿದ್ದ. ಸಾಯುವವರೆಗೂ ಹಾಗೆಯೇ ಮಾಡಿದ.

ಈಗಲೂ ಬುದ್ಧನ ಪಾದದ ಬಳಿ ನೀರು ಸಿಗುತ್ತದೆ. ಕೆಂದೊಣೆಯ ಮನೆಗಳು ಪಾಳಿಯ ಮೇಲೆ ತುಂಬುತ್ತವೆ. ಪಾಳಿಯ ಹೆಂಗಸು ತಂಬಿಗೆ ಎತ್ತಿ ಹಿಡಿದು, "ಮೊದಲ ಅನ್ರಿ" ಎನ್ನುತ್ತಾಳೆ. ಬಸ್ಸಿನಲ್ಲಿ ಬಂದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಹೊನ್ನವ್ವ ಕದ್ದಿಲ್ಲ ಎಂದು ಹೇಳಿ, ಕುಡಿದು, ಬಾಯಿ ಒರೆಸಿಕೊಂಡು ಹೊರಡುತ್ತಾರೆ. ಮೆಟ್ಟಿಲು ಇಳಿಯುತ್ತ ಅವರಲ್ಲೊಬ್ಬರು, ಯಾರೋ ಹೊನ್ನವ್ವ ಅಂತೆ, ಏನೋ ಕದ್ದಿದ್ದಳಂತೆ ಎಂದು ಮಕ್ಕಳಿಗೆ ಹೇಳುವುದು ಮೇಲಕ್ಕೂ ಕೇಳಿಸುತ್ತದೆ. ಆಗ ಆ ಹೆಂಗಸು ತಂಬಿಗೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅವರನ್ನು ಕೂಗಿ ಕರೆಯುತ್ತಾಳೆ. ಕೆಲವರು ತಿರುಗಿ ಬರುತ್ತಾರೆ.